ನೆಲುವಿನಂಗಡಿಯವನು ಉಪ್ಪಿಟ್ಟು ತಿಂದದ್ದು

ನನ್ನ ಮಗಳು ನೀಲಾ ನಾಲ್ಕು ವರ್ಷದವಳಿದ್ದಾಗ ಅವಳಿಗೆ ನಾನೊಂದು ಮಾತು ಕೊಟ್ಟಿದ್ದೆ. ಅವಳು ನಿಜವಾದ ಒಲೆಯ ಮೇಲೆ ನಿಜವಾದ ಅಡಿಗೆ ಮಾಡಿದ ದಿನ, ಅದನ್ನು ಅವಳ ಕೈಯಿಂದಲೇ ತೆಗೆದುಕೊಂಡು, ಒಂದು ತುತ್ತೂ ಬಿಡದೆ ಪೂರ್ತಿ ನಾನೇ ತಿನ್ನುತ್ತೇನೆ ಅಂತ.

ಆವತ್ತು ಆಗಿದ್ದು ಇಷ್ಟು. ಅಂಗಳದ ಮೂಲೆಯಲ್ಲಿ ಕೂತು ಮಣ್ಣು ಕಲಸಿ, ಮೇಲೆ ನಾಲ್ಕು ಕರಿಬೇವಿನೆಲೆ ಉದುರಿಸಿ, ಕರಟಕ್ಕೆ ತುಂಬಿ, "ಅಪ್ಪ, ಉಪ್ಪಿಟ್ಟು" ಅಂತ ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. ನಾನು ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಅದರಲ್ಲಿಡಮ್ಮ" ಅಂತ ಬಾಗಿಲಿಗೆ ತೂಗುಹಾಕಿದ್ದ ನೆಲುವಿನ ಕಡೆ ಬೆರಳು ತೋರಿಸಿದೆ. ಮಣ್ಣಿನ ಉಪ್ಪಿಟ್ಟಿಗೆ ಹೆದರುವ ಅಗತ್ಯವೇ ಇರಲಿಲ್ಲ. ಆದರೆ ಅಭ್ಯಾಸ ಅನ್ನುವುದು ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಮಗು ಕರಟವನ್ನು ಅಲ್ಲೇ ಬೋರಲು ಹಾಕಿ ಸಂಜೆಯವರೆಗೂ ಅತ್ತಿತು. ಹೊಲಿಯಬೇಕಾದ ಚೀಲ ಇನ್ನೂ ಇಪ್ಪತ್ತಿದ್ದವು, ತಲೆ ಸಿಡಿಯುತ್ತಿತ್ತು, ಸುಮ್ಮನಾದರೆ ಸಾಕು ಅಂತ ಮಾತು ಕೊಟ್ಟುಬಿಟ್ಟೆ. ನಾಲ್ಕು ವರ್ಷದ ಮಕ್ಕಳು ಬೆಳಿಗ್ಗೆ ತಿಂದ ಬೆಲ್ಲವನ್ನೇ ಸಂಜೆಗೆ ಮರೆಯುತ್ತವೆ, ಇದೂ ಮರೆಯುತ್ತದೆ ಅಂದುಕೊಂಡೆ. ಅಡಿಗೆಮನೆಯಿಂದ ನನ್ನ ಹೆಂಡತಿ ಗಂಗೂ ಇಣುಕಿ, "ನಾನು ಕೇಳಿಸ್ಕೊಂಡಿದೀನಿ" ಅಂತ ಮಾತ್ರ ಹೇಳಿ ತಲೆ ಒಳಗೆಳೆದುಕೊಂಡಳು.

ನಮ್ಮೂರಿನಲ್ಲಿ ತಿನ್ನುವ ಕುಡಿಯುವ ಪದಾರ್ಥ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ ಕೊಟ್ಟವರೂ ತೆಗೆದುಕೊಂಡವರೂ ನೆಲ ಬಿಡುತ್ತಾರೆ. ಒಂದು ಲೋಟ ಕಾಫಿಯಾದರೆ ಮೊಳದೆತ್ತರ. ತಟ್ಟೆ ತುಂಬ ಇಡ್ಲಿಯಾದರೆ ಆಳೆತ್ತರ. ನಾಲ್ಕು ಡಬ್ಬಿಯ ಕ್ಯಾರಿಯರ್ ಆದರೆ ಹೆಂಚಿನ ಮೇಲೆ ಕೂತ ಕಾಗೆಯ ಮುಖ ನೋಡಬಹುದು. ಪಾತ್ರೆ ಖಾಲಿಯಾಗುತ್ತ ಬಂದ ಹಾಗೆ ಇಳಿಯುತ್ತ ಬರುತ್ತಾರೆ. ಎಲೆಗೆ ಸೌಟಿನಲ್ಲಿ ಬಡಿಸಿದರೆ ಏನೂ ಆಗುವುದಿಲ್ಲ. ಮೊಲೆಹಾಲಿಗೆ ಈ ಕಟ್ಟಳೆ ಇಲ್ಲ. ಹಲ್ಲು ಬರುವ ತನಕ ಮಕ್ಕಳಿಗೂ ಇಲ್ಲ. ಹಲ್ಲು ಬಂದ ಮೇಲೆ ತಾಯಂದಿರು ತುತ್ತು ಮಾಡಿ ತಟ್ಟೆಯಂಚಿಗಿಡುತ್ತಾರೆ, ಮಗು ಎತ್ತಿಕೊಳ್ಳುತ್ತದೆ.

ಹಾಗಾಗಿ ಊರಿನ ಪ್ರತಿ ಬಾಗಿಲಿಗೂ ಒಂದು ನೆಲುವು. ಹಿಂದೆ ಬೆಣ್ಣೆ ಗಡಿಗೆ ತೂಗುಹಾಕುತ್ತಿದ್ದ ಹಗ್ಗದ ನೆಲುವಲ್ಲ, ಬಾಗಿಲ ನೆಲುವು. ಬಾಗಿಲಿನ ನೆತ್ತಿಗೆ ಸಿಕ್ಕಿಸುವ ಕಬ್ಬಿಣದ ಚಪ್ಪಟೆ ಕೊಂಡಿ, ಅದರಿಂದ ಇಳಿಬಿದ್ದ ದಪ್ಪ ಕ್ಯಾನ್ವಾಸು, ಡಬ್ಬಿ ಕೂರಲು ಹಲಗೆ ಹಾಕಿದ ಒಂದು ಜೇಬು, ಲೋಟ ಇಳಿಸಲು ಎರಡು ದುಂಡನೆ ಬಾಯಿ. ಬಾಗಿಲನ್ನು ಎಷ್ಟೇ ರಭಸದಿಂದ ತೆಗೆದರೂ ಸಾರು ತುಳುಕಬಾರದು, ಅದೇ ಕಸುಬಿನ ಗುಟ್ಟು. ತಂದವರು ಇಟ್ಟು, ಗಂಟೆ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮನೆಯವರು ಬಂದು ತೆಗೆದುಕೊಳ್ಳುತ್ತಾರೆ. ಗಂಗೂ ಬೆಳಗಿನ ಜಾವ ಎದ್ದು ನಲವತ್ತು ಮನೆಗೆ ಅಡಿಗೆ ಮಾಡಿ, ಸ್ಕೂಟರಿನಲ್ಲಿ ಹೋಗಿ ನಲವತ್ತು ಬಾಗಿಲಿಗೆ ಇಟ್ಟು ಬರುತ್ತಾಳೆ. ಆ ನಲವತ್ತೂ ನೆಲುವು ನಾನು ಹೊಲಿದವು. ಉಳಿದ ಊರಿನವೂ ನಾನು ಹೊಲಿದವೇ. ಮೂರು ಸಾಲು ಹೊಲಿಗೆ ಹಾಕುತ್ತೇನೆ. ನನ್ನ ಹೊಲಿಗೆ ಬಿಚ್ಚಿತು ಅಂತ ಇವತ್ತಿನವರೆಗೆ ಒಬ್ಬರೂ ಬಂದಿಲ್ಲ.

ನಮ್ಮೂರ ಜನಕ್ಕೆ ನೆಲ ಬಿಡುವುದೇನೂ ಪ್ರಾಣಸಂಕಟವಲ್ಲ ಅಂತಲೂ ಹೇಳಬೇಕು. ಕೆಲಸದ ದಿನ ತೊಂದರೆ, ಅಷ್ಟೇ. ಬಸ್ಸು ತಪ್ಪುತ್ತದೆ, ಹಾಲು ಉಕ್ಕುತ್ತದೆ, ಕೆಳಗಿರುವ ಚಪ್ಪಲಿ ಸಿಗುವುದಿಲ್ಲ. ಹಬ್ಬದ ದಿನ ಬೇಕೆಂದೇ ಒಬ್ಬರಿಗೊಬ್ಬರು ಹೋಳಿಗೆ ಕೊಟ್ಟುಕೊಂಡು ಬೀದಿಯ ಮೇಲೆ ತೇಲುತ್ತ ಹರಟುವವರಿದ್ದಾರೆ. ಮದುವೆಯಲ್ಲಿ ಗಂಡು ಹೆಣ್ಣು ಲಾಡು ಬದಲಾಯಿಸಿಕೊಂಡು ಛತ್ರದ ತೊಲೆ ಮುಟ್ಟಿ ಬರುವುದು ಪದ್ಧತಿ. ಆಗ ಹುಡುಗನ ಸ್ನೇಹಿತರು ತಮಾಷೆಗೆ ಅವನ ಕಾಲು ಹಿಡಿದರೆ ಹಿರಿಯರು, "ಬಿಡ್ರೋ, ಆ ಹೆಣ್ಣಿನ ಗತಿಯೇನು" ಅಂತ ಗದರುತ್ತಾರೆ. ಯಾಕೆ ಗದರುತ್ತಾರೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಕೇಳಬೇಕಿತ್ತು.

ಕೇಳದೇ ಇದ್ದದ್ದಕ್ಕೆ ಕಾರಣ ನನ್ನ ಭಯ. ಒಂಬತ್ತು ವರ್ಷದವನಿದ್ದಾಗ ಸೋದರಮಾವನ ಕೈಯಿಂದ ಹುಳಿಯ ಪಾತ್ರೆ ತೆಗೆದುಕೊಂಡು, ಹುಣಿಸೆಮರದ ತುದಿಗೆ ಅಂಗಿ ಸಿಕ್ಕಿ, ತಲೆಕೆಳಗಾಗಿ ಒಂದು ಗಂಟೆ ನೇತಾಡಿದ್ದೆ. ಇಳಿದ ಮೇಲೆ ನೆಲವನ್ನು ತಬ್ಬಿಕೊಂಡು ಮಲಗಿದವನನ್ನು ನಾಲ್ಕು ಜನ ಎಬ್ಬಿಸಬೇಕಾಯಿತಂತೆ. ಅಲ್ಲಿಂದ ಇವತ್ತಿಗೆ ಮೂವತ್ತೊಂದು ವರ್ಷ ನನ್ನ ಹಿಮ್ಮಡಿ ಮೇಲೆದ್ದಿರಲಿಲ್ಲ. ಅದನ್ನೇ ಬಂಡವಾಳ ಮಾಡಿಕೊಂಡೆ. ಅಂಗಡಿಯ ಮುಂದೆ, "ಉತ್ತಮ ಬಾಗಿಲ ನೆಲುವುಗಳು. ಮಾಲೀಕ ಗುರುಪಾದಪ್ಪನವರು ಮೂವತ್ತೊಂದು ವರ್ಷದಿಂದ ನೆಲ ಬಿಟ್ಟಿಲ್ಲ" ಅಂತ ಬೋರ್ಡು. ಪ್ರತಿ ಯುಗಾದಿಗೆ ವರ್ಷವನ್ನು ಅಳಿಸಿ ಹೊಸದು ಬರೆಯುತ್ತೇನೆ. ನನ್ನ ಮನೆಯೊಳಗೆ ಅಡಿಗೆಮನೆಗೂ ನಡುಮನೆಗೂ ಮಧ್ಯೆ ಒಂದು ನೆಲುವು, ನಡುಮನೆಗೂ ಅಂಗಡಿಗೂ ಮಧ್ಯೆ ಇನ್ನೊಂದು. ನನ್ನ ಮದುವೆಯಲ್ಲಿ ಲಾಡನ್ನು ಒಂದು ಸ್ಟೂಲಿನ ಮೇಲಿಟ್ಟು, "ತಗೋ" ಅಂದೆ. ತವರಿನಲ್ಲಿ ಸಂಕ್ರಾಂತಿಗೊಮ್ಮೆ, ದೀಪಾವಳಿಗೊಮ್ಮೆ ಮಾಡಿನೆತ್ತರ ಹಾರಿಕೊಂಡು ಬೆಳೆದ ಗಂಗೂ ಆ ಸ್ಟೂಲನ್ನು ನೋಡಿದಳು, ನನ್ನನ್ನು ನೋಡಿದಳು, ಲಾಡು ತೆಗೆದುಕೊಂಡಳು. ಹದಿನೇಳು ವರ್ಷವಾಯಿತು. ಆ ಸ್ಟೂಲು ಇನ್ನೂ ನಮ್ಮ ಮನೆಯಲ್ಲಿದೆ. ಅದರ ಮೇಲೆ ಅವಳು ಯಾವತ್ತೂ ಕೂತಿಲ್ಲ.

ಈಗ ನೀಲಾಳಿಗೆ ಹನ್ನೊಂದು. ಹೋದ ಗುರುವಾರ ಶಾಲೆಯಿಂದ ಬಂದವಳು ಚೀಲ ಇಳಿಸದೆ ನನ್ನ ಯಂತ್ರದ ಮುಂದೆ ನಿಂತಳು.

"ಅಪ್ಪ, ಈ ಭಾನುವಾರ ಉಪ್ಪಿಟ್ಟು ಮಾಡ್ತೀನಿ."

"ಮಾಡಮ್ಮ, ಒಳ್ಳೇದು. ಅಮ್ಮ ಪಕ್ಕದಲ್ಲಿರಲಿ, ಎಣ್ಣೆ ಸಿಡಿಯುತ್ತೆ."

"ಅಮ್ಮ ಹೊರಗಿರ್ತಾಳೆ. ಸಹಾಯ ತಗೊಂಡ್ರೆ ನಾನು ಮಾಡಿದ್ದು ಅಂತ ಆಗಲ್ಲ. ಆಮೇಲೆ ನೀನು ಅದನ್ನೇ ಹಿಡ್ಕೊಂಡು ತಪ್ಪಿಸ್ಕೊತೀಯ."

ನನ್ನ ಕಾಲು ತುಳಿಯುವುದು ನಿಂತಿತು. "ಏನನ್ನ ತಪ್ಪಿಸ್ಕೊಳ್ಳೋದು?"

"ಕರಟ," ಅಂದಳು. ಅಷ್ಟೇ ಅಂದಳು. ಏಳು ವರ್ಷ ಆ ಹುಡುಗಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ, ಒಂದು ದಿನವೂ ಮರೆತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಬೇರೆ ಬೇರೆ ದಾರಿ ಹುಡುಕಿದೆ. ಕೈಗೆ ಚೀಲ ಸುತ್ತಿಕೊಂಡರೆ ಆಗುತ್ತದೆಯೇ ಅಂತ ಕೇಳಿದೆ. "ಚೀಲದೊಳಗೆ ಇರೋದು ಕೈಯೇ ತಾನೇ" ಅಂದಳು. ಇಕ್ಕಳದಲ್ಲಿ ಹಿಡಿದರೆ? "ನನ್ನ ಕೈಯಿಂದ ಇಕ್ಕಳ ಈಸ್ಕೊಂಡ ಹಾಗಾಗುತ್ತೆ, ನೀನು ಈಸ್ಕೊಂಡ ಹಾಗಾಗಲ್ಲ." ಒಂದೇ ಒಂದು ಚಮಚದಷ್ಟು ಮಾಡಿದರೆ ಹೇಗೆ, ರವೆ ತುಟ್ಟಿ ಅಂದೆ. ಅವಳು ತಾಯಿಯ ಕಡೆ ತಿರುಗಿದಳು. ಗಂಗೂ ಕ್ಯಾರಿಯರಿನ ಕೊಂಡಿ ಬಿಗಿಯುತ್ತ, "ನನ್ ಕಡೆ ನೋಡ್ಬೇಡ ಕಣೆ. ನನಗೆ ಸ್ಟೂಲ್ ಮೇಲೆ ಸಿಕ್ಕ ಗಂಡ, ಅವರ ಬಗ್ಗೆ ನಾನೇನು ಹೇಳ್ಲಿ" ಅಂತ ಸ್ಕೂಟರ್ ಹತ್ತಿದಳು.

ಹೊಲಿಗೆಯವನಿಗೆ ಕಷ್ಟ ಬಂದರೆ ಹೊಲಿಗೆಯೇ ಗತಿ. ಶುಕ್ರವಾರ ಶನಿವಾರ ಎರಡೂ ದಿನ ಬೇರೆ ಕೆಲಸ ಬದಿಗಿಟ್ಟು ನನಗೊಂದು ಅಂಗಿ ಹೊಲಿದುಕೊಂಡೆ. ನೆಲುವಿನ ಕ್ಯಾನ್ವಾಸು, ನೆಲುವಿನದೇ ಜೇಬುಗಳು, ಎದೆಗೆ ಎಂಟು, ಬೆನ್ನಿಗೆ ಎಂಟು, ಸೊಂಟದ ಸುತ್ತ ಆರು. ಒಂದೊಂದಕ್ಕೂ ಮರಳು ತುಂಬಿ ಬಾಯಿ ಹೊಲಿದೆ. ಮೂರು ಸಾಲು. ನನ್ನ ಲೆಕ್ಕ ಸರಳವಾಗಿತ್ತು. ಮಗಳು ಒಂದು ತಟ್ಟೆ ಉಪ್ಪಿಟ್ಟು ಕೊಡುತ್ತಾಳೆ, ಅವಳು ಆಳೆತ್ತರ ಏಳುತ್ತಾಳೆ, ಅವಳಿಗೆ ಅದು ಖುಷಿ. ನಾನು ಮರಳಿನ ಭಾರದಲ್ಲಿ ನೆಲದ ಮೇಲೇ ನಿಂತು ಗಬಗಬನೆ ತಿನ್ನುತ್ತೇನೆ. ಮಾತೂ ಉಳಿಯಿತು, ಬೋರ್ಡೂ ಉಳಿಯಿತು.

ಭಾನುವಾರ ಬೆಳಿಗ್ಗೆ ಗಂಗೂ ನಲವತ್ತು ಬಾಗಿಲು ಮುಗಿಸಿ ಬಂದ ಮೇಲೆ ಅಡಿಗೆಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡಿತು. ನಾನು ಅಂಗಿ ತೊಟ್ಟುಕೊಂಡು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತೆ. ಮೂರು ಹೆಜ್ಜೆ ನಡೆಯುವಷ್ಟರಲ್ಲಿ ಬೆವರು ಕಿತ್ತು ಬಂತು. ಎದುರು ಮನೆ ಮಹಡಿಯ ಬಾಲ್ಕನಿಯಲ್ಲಿ ಇಂದ್ರಾಬಾಯಿ ಟೀಚರು ಪೇಪರ್ ಓದುತ್ತಿದ್ದರು. ನನಗೆ ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು, ಈಗ ನಿವೃತ್ತರು, ಆದರೆ ಬೀದಿಗೆ ರಜಾ ಕೊಟ್ಟಿಲ್ಲ.

"ಏನೋ ಗುರುಪಾದ, ಯುದ್ಧಕ್ಕೆ ಹೊರಟಿದೀಯೇನೋ?"

"ಇಲ್ಲ ಟೀಚರ್, ಸ್ವಲ್ಪ ಥಂಡಿ."

"ಮೇ ತಿಂಗಳಲ್ಲಿ," ಅಂದರು ಅವರು, ಪೇಪರಿನ ಹಾಳೆ ಮಗುಚಿ.

ಒಳಗಿಂದ ಒಗ್ಗರಣೆಯ ಸದ್ದು ಬಂತು. ಆಮೇಲೆ ನೀರು ಸುರಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ರವೆಯ ಡಬ್ಬಿ ತೆಗೆದ ಸದ್ದು. ಮತ್ತೆ ನೀರು. ಮತ್ತೆ ರವೆ. ಗಂಗೂ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದವಳು ಕಿವಿ ನಿಮಿರಿಸಿದಳು.

"ನೀರು ಜಾಸ್ತಿಯಾಯ್ತು ಅಂತ ರವೆ ಹಾಕ್ತಿದಾಳೆ," ಅಂದಳು. ಸ್ವಲ್ಪ ಹೊತ್ತಿಗೆ, "ಈಗ ರವೆ ಜಾಸ್ತಿಯಾಯ್ತು ಅಂತ ನೀರು." ಇನ್ನೂ ಸ್ವಲ್ಪ ಹೊತ್ತಿಗೆ ಪಾತ್ರೆ ಬದಲಾಯಿಸಿದ ಢಣಾರ್ ಸದ್ದು ಬಂತು. ಗಂಗೂ ಸೊಪ್ಪು ಕೆಳಗಿಟ್ಟಳು. "ರೀ, ಸಣ್ಣ ಬಾಣಲೆಯಿಂದ ದೊಡ್ಡ ಬಾಣಲೆಗೆ ಹೋಯ್ತು." ಇನ್ನೊಂದು ಸಲ ಢಣಾರ್ ಅಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಭುಜ ಕುಲುಕಿಸುತ್ತಿದ್ದಳು. ಮೂರನೆಯ ಪಾತ್ರೆ ಅವಳು ನೆಂಟರು ಬಂದಾಗ ಅನ್ನ ಬೇಯಿಸುವ ತಪ್ಪಲೆ.

ಬಾಗಿಲು ತೆರೆಯಿತು. ಎರಡು ಹಿಡಿಕೆಯ ಆ ತಪ್ಪಲೆಯನ್ನು ಹೊಟ್ಟೆಗೆ ಆನಿಸಿಕೊಂಡು ನೀಲಾ ಹೊರಗೆ ಬಂದಳು. ಮೂಗಿನ ಮೇಲೆ ರವೆ, ಜಡೆಯಲ್ಲಿ ಕರಿಬೇವು. ತಪ್ಪಲೆ ಮುಕ್ಕಾಲು ತುಂಬಿತ್ತು. ನಡುವೆ ಒಂದು ಸೌಟು ನೆಟ್ಟಗೆ ನಿಂತಿತ್ತು, ಯಾರೂ ಹಿಡಿದಿರಲಿಲ್ಲ.

"ಹತ್ತು ಜನಕ್ಕಾಗುತ್ತೆ," ಅಂದೆ.

"ನಾನು ಒಬ್ಬರಿಗೇ ಮಾಡಕ್ಕೆ ಹೋದೆ. ಅದೇ ಬೆಳೀತು," ಅಂದಳು. ಆಮೇಲೆ ನನ್ನ ಅಂಗಿ ನೋಡಿದಳು. "ಅಪ್ಪ, ಅದೇನು?"

"ಅಂಗಿ. ಕೊಡು ಬೇಗ, ಆರಿಹೋಗುತ್ತೆ."

ಅವಳ ಕಣ್ಣಿನಲ್ಲಿ ಒಂದು ಕ್ಷಣ ಅನುಮಾನ ಸುಳಿಯಿತು. ಆದರೆ ಏಳು ವರ್ಷ ಕಾದ ಮಗು. ತಪ್ಪಲೆಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಚಾಚಿದಳು, ಆವತ್ತು ಕರಟ ಚಾಚಿದ ಹಾಗೇ. ನಾನು ಕಣ್ಣು ಮುಚ್ಚಿ ನನ್ನ ಕಡೆಯ ಹಿಡಿಕೆ ಹಿಡಿದೆ.

ನನ್ನ ಕಾಲು ನೆಲದಲ್ಲೇ ಇತ್ತು. ಸಂತೋಷದಿಂದ ಕಣ್ಣು ಬಿಟ್ಟೆ. ಮಗಳು ಮುಂದೆ ಇರಲಿಲ್ಲ. ಮೇಲೆ ಇದ್ದಳು. ತನ್ನ ಕಡೆಯ ಹಿಡಿಕೆಯನ್ನು ಹಿಡಿದುಕೊಂಡು, ಎರಡೂ ಕಾಲು ಆಕಾಶಕ್ಕೆ ಮಾಡಿ, ಗಾಳಿಪಟದ ಹಾಗೆ ತಲೆಕೆಳಗಾಗಿ ನಿಂತಿದ್ದಳು. ಅವಳ ಜಡೆ ನನ್ನ ಮೂಗಿಗೆ ತಾಗುತ್ತಿತ್ತು.

"ಅಪ್ಪ, ನೀನ್ಯಾಕೆ ಬರ್ತಿಲ್ಲ? ನನ್ನನ್ನ ಜಗ್ತಾ ಇದೆ."

ಬಾಲ್ಕನಿಯಲ್ಲಿ ಇಂದ್ರಾಬಾಯಿ ಟೀಚರು ಪೇಪರ್ ಬಿಸಾಡಿ ಎದ್ದು ನಿಂತರು. "ಅಯ್ಯೋ ಮಂಕೆ, ಮೈಗೆ ಭಾರ ಕಟ್ಕೊಂಡಿದೀಯೇನೋ? ನಿನ್ನ ಪಾಲೂ ಆ ಮಗೂಗೇ ಹೋಗುತ್ತಲ್ಲೋ. ಎರಡು ಪಾಲು ಅವಳೊಬ್ಬಳಿಗೇ. ಮೂರನೇ ಕ್ಲಾಸಿನ ಹುಡುಗ್ರಿಗೂ ಗೊತ್ತಿರೋ ಸಂಗತಿ."

ಮೂವತ್ತೊಂದು ವರ್ಷ ನೆಲ ಬಿಡದೆ ಕೂತವನಿಗೆ ಹೇಗೆ ಗೊತ್ತಾಗಬೇಕು. ಮದುವೆಯ ಹುಡುಗನ ಕಾಲು ಹಿಡಿದರೆ ಹಿರಿಯರು ಯಾಕೆ ಗದರುತ್ತಾರೆ ಅಂತ ಆಗ ಹೊಳೆಯಿತು. ಆಗ ಹೊಳೆದು ಪ್ರಯೋಜನವಿರಲಿಲ್ಲ. ಹಿಡಿಕೆ ಬಿಟ್ಟರೆ ತಪ್ಪಲೆಯ ಸಮೇತ ಅವಳೊಬ್ಬಳೇ ಮೇಲೆ ಹೋಗುತ್ತಾಳೆ, ಹತ್ತು ಜನರ ಉಪ್ಪಿಟ್ಟಿನ ಎರಡು ಪಾಲು ಎತ್ತರಕ್ಕೆ. ನೀರಿನ ಟ್ಯಾಂಕೂ ದಾಟಿಹೋಗುತ್ತಾಳೆ. ತಪ್ಪಲೆ ಮಗುಚಿಕೊಂಡರೆ ಅದು ಖಾಲಿಯಾದ ಗಳಿಗೆಯೇ ಅವಳು ಬೀಳುತ್ತಾಳೆ, ಎಲ್ಲಿರುತ್ತಾಳೋ ಅಲ್ಲಿಂದ. ಉಪ್ಪಿಟ್ಟು ಗಟ್ಟಿಯಾಗಿದ್ದದ್ದು ಆವತ್ತು ನಮ್ಮ ಪುಣ್ಯ. ತಪ್ಪಲೆ ಓರೆಯಾಗಿದ್ದರೂ ಒಂದು ಚೂರೂ ಅಲುಗಿರಲಿಲ್ಲ.

"ಅಪ್ಪ, ಕೈ ಜಾರ್ತಾ ಇದೆ," ಅಂದಳು ನೀಲಾ. ಅಷ್ಟು ಹೊತ್ತು ಅವಳ ಧ್ವನಿಯಲ್ಲಿ ಭಯವಿರಲಿಲ್ಲ, ಈಗ ಬಂತು.

ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಜೇಬಿನ ಹೊಲಿಗೆ ಕೀಳಲು ನೋಡಿದೆ. ಉಗುರು ಮುರಿಯಿತು. ಹಲ್ಲಿನಲ್ಲಿ ಕಚ್ಚಿ ಎಳೆದೆ. ಮೂರು ಸಾಲು ಹೊಲಿಗೆ, ಅಯ್ಯಾ, ಊರಿನಲ್ಲಿ ಒಬ್ಬರೂ ದೂರು ತರದ ಹೊಲಿಗೆ. ಅದನ್ನು ಹೊಲಿದವನನ್ನು ಬಾಯಿಗೆ ಬಂದ ಹಾಗೆ ಬೈದೆ.

"ಗಂಗೂ, ಕತ್ತರಿ."

ಅವಳು ಆಗಲೇ ತಂದಿದ್ದಳು. ಕ್ಯಾನ್ವಾಸು ಕತ್ತರಿಸುವ ದೊಡ್ಡ ಕತ್ತರಿ. "ಅಲ್ಲಾಡ್ಬೇಡಿ" ಅಂತ ಹೇಳಿ ಎದೆಯ ಜೇಬಿನಿಂದ ಶುರು ಮಾಡಿದಳು. ಕಚಕ್, ಮರಳು ಸುರಿಯಿತು. "ಇದು ಸ್ಟೂಲಿಗೆ," ಅಂದಳು. ಕಚಕ್. "ಇದು ನಡುಮನೆ ನೆಲುವಿಗೆ." ಕಚಕ್. "ಇದು ನಮ್ಮಮ್ಮ ಕೋಡುಬಳೆ ಕೊಡಕ್ಕೆ ಬಂದಾಗ ನೀವು ಬಚ್ಚಲಮನೆಗೆ ಓಡಿಹೋಗಿದ್ದಕ್ಕೆ." ಒಂದೊಂದು ಜೇಬಿಗೂ ಅವಳ ಬಳಿ ಒಂದೊಂದು ಕಾರಣವಿತ್ತು. ಇಪ್ಪತ್ತೆರಡು ಜೇಬು ಮುಗಿದರೂ ಕಾರಣ ಮುಗಿದಿರಲಿಲ್ಲ ಅಂತ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಕೊನೆಯ ಜೇಬಿನ ಮರಳು ಸುರಿದಾಗ ನನ್ನ ಹಿಮ್ಮಡಿ ಎದ್ದಿತು. ಆಮೇಲೆ ಬೆರಳು. ಆಮೇಲೆ ನೆಲ ಸುಮ್ಮನೆ ನನ್ನಿಂದ ದೂರ ಹೋಯಿತು. ಕೂಗಿದೆನಂತೆ. ಏನು ಕೂಗಿದೆ ಅಂತ ಬೀದಿಯವರು ಹೇಳುವುದು ಒಬ್ಬೊಬ್ಬರದು ಒಂದೊಂದು ಥರ, ಅದರಲ್ಲಿ ಯಾವುದೂ ಇಲ್ಲಿ ಬರೆಯುವಂಥದ್ದಲ್ಲ. ನನ್ನ ಪಾಲಿನ ಎತ್ತರ ನನಗೆ ಬಂದ ಕೂಡಲೇ ನೀಲಾ ತಿರುಗಿ ನೆಟ್ಟಗಾದಳು. ಈಗ ಇಬ್ಬರೂ ಎದುರುಬದುರು, ನಡುವೆ ತಪ್ಪಲೆ, ಹೆಂಚಿನ ಮಾಡು ದಾಟಿ, ಬಾಲ್ಕನಿ ದಾಟಿ, ಟೀಚರ ಮನೆಯ ತೆಂಗಿನ ಗರಿಯ ಪಕ್ಕಕ್ಕೆ ಬಂದು ನಿಂತೆವು.

"ಕಣ್ಣು ಬಿಡು ಅಪ್ಪ," ಅಂದಳು.

"ಆಗಲ್ಲ."

"ಕಣ್ಣು ಮುಚ್ಕೊಂಡು ತಿಂದ್ರೆ ಮೂಗಿಗೆ ಹೋಗುತ್ತೆ."

ಬಿಟ್ಟೆ. ಕೆಳಗೆ ನಮ್ಮ ಬೀದಿ ಇತ್ತು. ನಮ್ಮ ಬೀದಿಯ ಆಚೆ ಇನ್ನೊಂದು ಬೀದಿ, ಅದರಾಚೆ ಕೆರೆಯವರೆಗೂ ಬೀದಿಗಳು, ಪ್ರತಿ ಬೀದಿಯ ಪ್ರತಿ ಬಾಗಿಲಿನಲ್ಲೂ ಒಂದೊಂದು ಬಣ್ಣದ ಚುಕ್ಕೆ. ಹಸಿರು, ಕುಂಕುಮ, ನೀಲಿ, ಹಳದಿ ಅಂಚಿನ ಕಪ್ಪು. ಅವು ನನ್ನ ನೆಲುವುಗಳು. ಒಂದೊಂದನ್ನೂ ಬಗ್ಗಿ ಕೂತು ಕುತ್ತಿಗೆ ನೋಯಿಸಿಕೊಂಡು ಹೊಲಿದಿದ್ದೆ. ಎಲ್ಲವನ್ನೂ ಒಟ್ಟಿಗೆ ಯಾವತ್ತೂ ನೋಡಿರಲಿಲ್ಲ. ನೆಲದ ಮೇಲೆ ನಿಂತವನಿಗೆ ಅದು ಕಾಣುವುದೇ ಇಲ್ಲ.

"ಏಯ್, ಅದು ಡಾಕ್ಟರ ಮನೇದು," ಅಂದೆ. "ಅದು ಸೈಕಲ್ ಶಾಪಿಂದು. ನೋಡು ನೋಡು, ಆ ಕೆಂಪಂಚಿನದು, ಅದು ನೀನು ಹುಟ್ಟಿದ ವಾರ ಹೊಲಿದಿದ್ದು." ನಾನು ಕಾಲು ಒದರುತ್ತ ಕೈ ಚಾಚಿ ತೋರಿಸುತ್ತಿದ್ದೆ. ಹಾಗೆ ಕಾಲು ಒದರಿದಾಗ ಇಬ್ಬರೂ ಮೆಲ್ಲಗೆ ಗುಂಡಗೆ ಸುತ್ತಿದೆವು, ಬುಗುರಿಯ ಹಾಗೆ. ನೀಲಾ ಕಿಸಕ್ಕನೆ ನಕ್ಕಳು. ನನಗೂ ನಗು ಬಂತು. ಒಂದು ಸಲ ಬಂದದ್ದು ನಿಲ್ಲಲಿಲ್ಲ. ಮಗಳು ಒಂದು ಹಿಡಿಕೆ, ನಾನೊಂದು ಹಿಡಿಕೆ, ನಡುವೆ ಸೌಟು ನೆಟ್ಟ ಉಪ್ಪಿಟ್ಟು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಟೀಚರ ತೆಂಗಿನಮರವನ್ನು ಎರಡು ಸುತ್ತು ಹಾಕಿದೆವು.

"ಅಪ್ಪ, ಈಗ ತಿನ್ನು. ಮಾತು ಮಾತೇ."

ತಿಂದೆ. ಉಪ್ಪು ಸರಿಯಿತ್ತು, ಅದನ್ನು ಮೊದಲು ಹೇಳಬೇಕು. ಸಾಸಿವೆ ಸಿಡಿದಿರಲಿಲ್ಲ, ಹಸಿಮೆಣಸಿನಕಾಯಿ ಇಡಿಯಾಗಿತ್ತು, ಕೆಲವು ಕಡೆ ಗಂಜಿ, ಕೆಲವು ಕಡೆ ಸೌಟಿಗೂ ಬಗ್ಗದ ಗಡ್ಡೆ. ಮೊದಲ ಹತ್ತು ಸೌಟು ಚೆನ್ನಾಗಿಯೇ ಹೋಯಿತು. ಹದಿನೈದನೆಯದಕ್ಕೆ ಮೆಣಸಿನಕಾಯಿ ಸಿಕ್ಕಿ ಕಿವಿಯಿಂದ ಹೊಗೆ ಹೊರಟಿತು. ಇಪ್ಪತ್ತರ ಹೊತ್ತಿಗೆ ನಾವು ಬಾಲ್ಕನಿಯ ಮಟ್ಟಕ್ಕೆ ಇಳಿದಿದ್ದೆವು. ಕೆಳಗೆ ಜನ ಸೇರಿದ್ದರು. ಅಂಗಡಿಯ ಬೋರ್ಡನ್ನೂ ನನ್ನನ್ನೂ ಸರದಿಯ ಮೇಲೆ ನೋಡುತ್ತಿದ್ದರು.

"ಬರೀ ಒಣದನ್ನ ತಿನ್ಬೇಡ, ಗಂಟಲಿಗೆ ಸಿಕ್ಕೊಳುತ್ತೆ," ಅಂದರು ಇಂದ್ರಾಬಾಯಿ ಟೀಚರು. ಒಳಗೆ ಹೋಗಿ, ತಮ್ಮ ಬಾಗಿಲಿನ ನೆಲುವನ್ನು ಕೊಂಡಿ ಸಮೇತ ಬಿಚ್ಚಿ ತಂದು, ಒಂದು ಬಾಯಿಗೆ ನಿಂಬೆ ಉಪ್ಪಿನಕಾಯಿಯ ಬಟ್ಟಲು, ಇನ್ನೊಂದಕ್ಕೆ ಮಜ್ಜಿಗೆಯ ಲೋಟ ಇಳಿಸಿ, ಬಟ್ಟೆ ಒಣಹಾಕುವ ಕೋಲಿನ ತುದಿಗೆ ಸಿಕ್ಕಿಸಿ ನನ್ನ ಕಡೆ ಚಾಚಿದರು. ಕೋಲು ಅಷ್ಟು ನಡುಗಿದರೂ ಮಜ್ಜಿಗೆ ತುಳುಕಲಿಲ್ಲ. "ನೋಡಿದ್ಯಾ, ಎಂಥ ಹೊಲಿಗೆ," ಅಂದೆ ಮಗಳಿಗೆ, ಬಾಯಿ ತುಂಬ ಉಪ್ಪಿಟ್ಟಿಟ್ಟುಕೊಂಡು.

"ಗುರುಪಾದ," ಅಂದರು ಟೀಚರು, "ಬೋರ್ಡಿಗೇನು ಮಾಡ್ತೀಯೋ?"

"ಅಳಿಸ್ತೀನಿ ಟೀಚರ್."

"ಅಳಿಸಿ?"

ನಾನು ಯೋಚಿಸಿರಲಿಲ್ಲ. ನೀಲಾ ನನಗಿಂತ ಮೊದಲು ಹೇಳಿದಳು. "ತೆಂಗಿನಮರದಷ್ಟು ಎತ್ತರಕ್ಕೆ ಹೋಗಿ ನೋಡಿ ಬಂದಿದಾರೆ, ಎಲ್ಲಾ ನೆಲುವೂ ನೆಟ್ಟಗಿವೆ ಅಂತ ಬರೀತೀವಿ."

ನಲವತ್ತನೇ ಸೌಟಿನ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಹೊಟ್ಟೆ ನೆಲುವಿನ ಜೇಬಿನ ಹಾಗೆ ಬಿಗಿದುಕೊಂಡಿತ್ತು. ನೀಲಾ ಸಹಾಯ ಮಾಡಲು ಒಪ್ಪಲಿಲ್ಲ. ಒಂದೇ ಒಂದು ಸಲ ಬೆರಳಿನ ತುದಿಯಲ್ಲಿ ರುಚಿ ನೋಡಿ, "ಪರವಾಗಿಲ್ಲ ಅಲ್ವಾ" ಅಂದಳು. ಪರವಾಗಿಲ್ಲ ಅಂದೆ. "ಸುಳ್ಳು ಹೇಳ್ಬೇಡ." ಸಾಸಿವೆ ಸಿಡಿಸಬೇಕಿತ್ತು ಅಂದೆ. ಅವಳು ಅದನ್ನು ದೊಡ್ಡವರ ಹಾಗೆ ತಲೆಯಾಡಿಸಿ ಒಪ್ಪಿಕೊಂಡಳು. ನಾವು ಮೆಲ್ಲಗೆ, ಎಲೆ ಉದುರುವ ಹಾಗೆ, ಇಳಿಯುತ್ತ ಬಂದೆವು. ಮಾಡಿನ ಅಂಚು ಬಂತು, ಬೋರ್ಡು ಬಂತು, ಬಾಗಿಲಿನ ನೆತ್ತಿ ಬಂತು. ತಪ್ಪಲೆಯ ತಳ ಕಂಡಿತು. ಗೋಡೆಗೆ ಹತ್ತಿದ್ದನ್ನೆಲ್ಲ ಕೆರೆದು ಒಟ್ಟು ಮಾಡಿದರೆ ಒಂದು ತುತ್ತು ಉಳಿದಿತ್ತು. ನಮ್ಮ ಕಾಲು ನೆಲದಿಂದ ಒಂದು ಗೇಣು ಮೇಲಿದ್ದವು.

ಗಂಗೂ ಹೊಸ್ತಿಲ ಬಳಿ ನಿಂತಿದ್ದಳು. ಕತ್ತರಿ ಇನ್ನೂ ಕೈಯಲ್ಲೇ ಇತ್ತು, ಸೀರೆಯ ತುಂಬ ಮರಳು. ಬೆಳಗಿನ ಜಾವ ಎದ್ದವಳು, ನಲವತ್ತು ಮನೆ ಸುತ್ತಿದವಳು, ಆಮೇಲೆ ಬಿಸಿಲಿನಲ್ಲಿ ಕತ್ತು ಮೇಲೆತ್ತಿ ನಿಂತವಳು. ನಗುತ್ತಿದ್ದಳು. ಆದರೆ ಅವಳ ಕಾಲು, ಎರಡೂ, ನೆಲದ ಮೇಲಿದ್ದವು. ಹದಿನೇಳು ವರ್ಷದಿಂದ ಇದ್ದ ಹಾಗೇ.

ನಾನು ಸೌಟು ಬಾಯಿಯ ತನಕ ತಂದೆ. ಮಗಳ ಮುಖ ನೋಡಿದೆ. ಅವಳು ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಕರಟದ ವಿಷಯವನ್ನು ಏಳು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದ ಹುಡುಗಿ, ಈಗಲೂ ಬಾಯಿ ಬಿಡಲಿಲ್ಲ. ತನ್ನ ಕಡೆಯ ಹಿಡಿಕೆಯಿಂದ ಮೆಲ್ಲಗೆ ಕೈ ತೆಗೆದಳು.

ಸೌಟನ್ನು ತಪ್ಪಲೆಗೆ ವಾಪಸು ಇಟ್ಟೆ. ತಪ್ಪಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ಚಾಚಿದೆ. ಅವಳು ಅಭ್ಯಾಸದಂತೆ ಬಾಗಿಲಿನ ನೆಲುವಿನ ಕಡೆ ನೋಡಿದಳು.

"ಅದರಲ್ಲಲ್ಲ," ಅಂದೆ. "ತಗೋ."

"ಜನ ನೋಡ್ತಿದಾರೆ ರೀ," ಅಂದಳು. ಅಂದು, ಕತ್ತರಿಯನ್ನು ಹೊಸ್ತಿಲೊಳಗಿದ್ದ ಆ ಮದುವೆಯ ಸ್ಟೂಲಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಹಿಡಿಕೆ ಹಿಡಿದಳು.

ಒಂದು ತುತ್ತಿಗೆ ಸಿಗುವುದು ಒಂದು ಗೇಣು. ಅಷ್ಟೇ ಎದ್ದಳು. ಚಪ್ಪಲಿ ಕೆಳಗೆ ಬಿತ್ತು. ಮೂವರೂ ಅಂಗಡಿಯ ಬಾಗಿಲಿನ ಮುಂದೆ, ಗೇಣೆತ್ತರದಲ್ಲಿ, ತಪ್ಪಲೆಯ ಸುತ್ತ ನಿಂತೆವು. ಬೀದಿಯವರು ಊಟಕ್ಕೆ ಹೋದರು. ಟೀಚರು ಪೇಪರ್ ಎತ್ತಿಕೊಂಡರು. ಗಂಗೂ ಆ ತುತ್ತನ್ನು ತಿನ್ನಲು ಯಾವ ಅವಸರವನ್ನೂ ಮಾಡಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಿಂದಳು.

ಒಂದು ತುತ್ತೂ ಬಿಡದೆ ತಿನ್ನುತ್ತೇನೆ ಅಂತ ನೀಲಾಳಿಗೆ ಮಾತು ಕೊಟ್ಟಿದ್ದೆ. ಒಂದು ತುತ್ತು ಬಿಟ್ಟೆ.